ಪ್ರಗತಿಯ ಆ್ಯಪ್‌ನಲ್ಲಿ ಶೇಕಡಾವಾರು ಬರೆದಿಡಬೇಡಿ

ಮಾನ್ಯ ಸಂಪಾದಕರೇ,

ವೆಬ್ ಆ್ಯಪ್ ಬರೆಯಲು ಕಲಿಯುವವರು ಮೊದಮೊದಲು ಕೈಹಾಕುವುದು ಸ್ವಂತ ಪ್ರಾಜೆಕ್ಟ್‌ಗಳ ಪ್ರಗತಿ ದಾಖಲಿಸುವ ಆ್ಯಪ್‌ಗೆ. ಇದನ್ನು ಕಲಿಸುವ ಬರಹ, ವಿಡಿಯೊಗಳಲ್ಲಿ ಬಣ್ಣದ ಪಟ್ಟಿ, ಗ್ರಾಫ್‌ಗಳದ್ದೇ ಭರಾಟೆ. ದತ್ತಾಂಶವನ್ನು ಎಲ್ಲಿ, ಯಾವ ರೂಪದಲ್ಲಿ ಇಡಬೇಕು ಎಂಬ ಮಾತು ಬಂದರೆ ಪುಣ್ಯ. ಆದರೆ ಆ್ಯಪ್ ಕೈಕೊಡುವುದು ಅಲ್ಲೇ. ಪತ್ರಿಕೆಯ ತಂತ್ರಜ್ಞಾನ ಪುಟ ಈ ಕೊರತೆಯನ್ನು ನೀಗಿಸಲಿ ಎಂದು ಈ ಪತ್ರ.

ಎಲ್ಲಕ್ಕಿಂತ ದೊಡ್ಡ ತಪ್ಪೆಂದರೆ, ಪ್ರಾಜೆಕ್ಟ್ ಟೇಬಲ್‌ನಲ್ಲಿ ‘ಪ್ರಗತಿ’ ಎಂಬ ಕಾಲಂ ಮಾಡಿ ಅದರಲ್ಲಿ ನೇರವಾಗಿ ಅಂಕಿ ತುಂಬುವುದು. 10 ಕೆಲಸಗಳಲ್ಲಿ 8 ಮುಗಿದರೆ ಶೇ 80. ಮರುದಿನ ಇನ್ನೂ 6 ಕೆಲಸ ಸೇರಿಸಿದರೆ 16ರಲ್ಲಿ 8, ಅಂದರೆ ಶೇ 50. ಕಾಲಂ ತಿದ್ದದಿದ್ದರೆ ಅದು ಸುಳ್ಳು ಹೇಳುತ್ತಿರುತ್ತದೆ. ತಿದ್ದಿದರೆ ನಿನ್ನೆ 80 ಇತ್ತು ಎಂಬ ಸುಳಿವೇ ಉಳಿಯುವುದಿಲ್ಲ. ಬಳಕೆದಾರರಿಗೆ ಕಾಣುವುದು ಹಿಂದಕ್ಕೆ ಸರಿದ ಪಟ್ಟಿ ಮಾತ್ರ. ಕೆಲಸ ಹೆಚ್ಚಾದದ್ದರಿಂದ ಹೀಗಾಯಿತು ಎಂದು ತಿಳಿಸಲು ಆ್ಯಪ್ ಬಳಿ ಆಧಾರವೇ ಇರುವುದಿಲ್ಲ.

ಮೂರು ಟೇಬಲ್ ಇದ್ದರೆ ಈ ತಾಪತ್ರಯವಿಲ್ಲ: ಪ್ರಾಜೆಕ್ಟ್, ಕೆಲಸ, ದಾಖಲೆ. ದಾಖಲೆ ಟೇಬಲ್‌ಗೆ ಸಾಲು ಸೇರಿಸುತ್ತ ಹೋಗಬೇಕು, ಹಳೆಯ ಸಾಲನ್ನು ಮುಟ್ಟಬಾರದು. ಯಾವ ಕೆಲಸ, ಯಾವಾಗ, ಏನಾಯಿತು (ಸೇರಿಸಿದ್ದು, ಮುಗಿಸಿದ್ದು, ಮತ್ತೆ ತೆರೆದದ್ದು, ಕೈಬಿಟ್ಟದ್ದು), ಎಷ್ಟು ನಿಮಿಷ ಹಿಡಿಯಿತು ಎಂಬಿಷ್ಟು ಅದರಲ್ಲಿರಲಿ. ಶೇಕಡಾವಾರನ್ನು ಪುಟ ತೆರೆದಾಗ ಲೆಕ್ಕ ಹಾಕಿದರಾಯಿತು. ಕೆಲವು ಸಾವಿರ ಸಾಲು ಇಡೀ ದತ್ತಾಂಶವನ್ನು ಒಂದೇ ಕಡತದಲ್ಲಿಡುವ ಡೇಟಾಬೇಸ್ ತಂತ್ರಾಂಶವಾದ ಎಸ್‌ಕ್ಯುಲೈಟ್‌ಗೆ ಲೆಕ್ಕಕ್ಕೇ ಇಲ್ಲ. ಪರದೆಯ ಮೇಲೆ ಶೇಕಡಾವಾರಿನ ಜೊತೆಗೆ ‘16ರಲ್ಲಿ 8’ ಎಂದೂ ತೋರಿಸಬೇಕು. ಒಂದೂ ಕೆಲಸ ಇಲ್ಲದ ಪ್ರಾಜೆಕ್ಟ್‌ನಲ್ಲಿ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಜಾವಾಸ್ಕ್ರಿಪ್ಟ್ ‘ನ್ಯಾನ್’ (ಸಂಖ್ಯೆಯಲ್ಲ) ಎಂದು ಕೊಡುತ್ತದೆ, ಅದೇ ಪರದೆಯ ಮೇಲೂ ಬರುತ್ತದೆ. ಅದನ್ನು ಮೊದಲೇ ತಡೆಯಿರಿ. ಸಮಯವನ್ನು ಪೂರ್ಣಾಂಕದ ನಿಮಿಷಗಳಲ್ಲೇ ಇಡಿ. 1.30 ಎಂದು ಬರೆದರೆ ಅದು ಒಂದೂವರೆ ಗಂಟೆಯೋ, 78 ನಿಮಿಷವೋ ಎಂದು ಆಮೇಲೆ ಹೇಳುವವರು ಯಾರು?

ದಿನಾಂಕದ್ದು ಇನ್ನೊಂದು ಗೋಳು. ಜಾವಾಸ್ಕ್ರಿಪ್ಟ್‌ನ ‘ಟು ಐಎಸ್‌ಒ ಸ್ಟ್ರಿಂಗ್’ ಫಂಕ್ಷನ್ ದಿನಾಂಕ, ಸಮಯವನ್ನು ಪಠ್ಯವಾಗಿ ಕೊಟ್ಟದ್ದರಲ್ಲಿ ಮೊದಲ 10 ಅಕ್ಷರ ಕತ್ತರಿಸಿ ‘ಇವತ್ತಿನ ದಿನಾಂಕ’ ಎಂದು ಉಳಿಸುವವರು ಬಹಳ. ಆ ಫಂಕ್ಷನ್ ಕೊಡುವುದು ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ) ಸಮಯ. ಗಡಿಯಾರ ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದಿರುವ ಕಡೆ ಮಧ್ಯರಾತ್ರಿಯಿಂದ ಬೆಳಗಿನ 5.30ರ ಒಳಗೆ ಬರೆದದ್ದೆಲ್ಲ ಹಿಂದಿನ ದಿನದ ಖಾತೆಗೆ ಹೋಗುತ್ತದೆ. ಬೆಳಗಿನ ಜಾವ ಎದ್ದು ಕೆಲಸ ಮಾಡುವವರಿಗೆ ಸತತ ದಿನಗಳ ಎಣಿಕೆ ತಪ್ಪುವುದು ಇದರಿಂದಲೇ. ಯುಟಿಸಿ ಸಮಯ ಒಂದು ಕಾಲಂನಲ್ಲಿರಲಿ, ಬಳಕೆದಾರರ ಸ್ಥಳೀಯ ದಿನಾಂಕ ಇನ್ನೊಂದರಲ್ಲಿರಲಿ. ಸ್ಥಳೀಯ ದಿನಾಂಕ ಕಟ್ಟುವಾಗ ‘ಗೆಟ್ ಮಂತ್’ ಜನವರಿಗೆ 0 ಕೊಡುತ್ತದೆ, 1 ಕೂಡಿಸಲು ಮರೆಯಬಾರದು.

ಇನ್ನು ದತ್ತಾಂಶದ ಜಾಗ. ಬ್ರೌಸರ್‌ನ ಲೋಕಲ್ ಸ್ಟೋರೇಜ್ (ಬಳಕೆದಾರರ ಸಾಧನದಲ್ಲೇ ಉಳಿಸುವ ಜಾಗ) ಸುಲಭ, ನಿಜ. ಆದರೆ ಅದರ ಮಿತಿ ಸುಮಾರು 5 ಎಂಬಿ, ಹಿಡಿಸುವುದು ಪಠ್ಯ ಮಾತ್ರ, ಮೊಬೈಲ್‌ನಲ್ಲಿ ಬರೆದದ್ದು ಲ್ಯಾಪ್‌ಟಾಪ್‌ನಲ್ಲಿ ಸಿಗದು. ಆ್ಯಪಲ್‌ನ ಬ್ರೌಸರ್ ಸಫಾರಿಯಂತೂ 2020ರಿಂದ, ಬ್ರೌಸರ್ ಬಳಸುತ್ತಿದ್ದೂ 7 ದಿನ ಆ ತಾಣದ ಕಡೆ ತಲೆಹಾಕದಿದ್ದರೆ, ತಾಣ ಅಲ್ಲಿ ಉಳಿಸಿದ್ದನ್ನು ಅಳಿಸಿಹಾಕುತ್ತದೆ. ಹೋಮ್ ಸ್ಕ್ರೀನ್‌ಗೆ ಸೇರಿಸಿಕೊಂಡ ಆ್ಯಪ್‌ಗಳಿಗೆ ಮಾತ್ರ ವಿನಾಯಿತಿ. ರಜೆಯಲ್ಲಿ ಕೈಬಿಟ್ಟ ಪ್ರಾಜೆಕ್ಟ್‌ಗೆ ಮರಳಿದಾಗ ಖಾಲಿ ಪುಟ ಕಂಡರೆ ಯಾರಿಗೆ ಉತ್ಸಾಹ ಉಳಿದೀತು? ಹಾಗಾಗಿ ಸರ್ವರ್‌ನಲ್ಲಿ ಎಸ್‌ಕ್ಯುಲೈಟ್ ಕಡತ ಇಡುವುದು ಒಳ್ಳೆಯದು. ಅಲ್ಲೂ ಎರಡು ಎಚ್ಚರಿಕೆ ಬೇಕು. ಫಾರಿನ್ ಕೀ ತಪಾಸಣೆ (ದಾಖಲೆ ಹೇಳುವ ಕೆಲಸ ನಿಜಕ್ಕೂ ಕೆಲಸದ ಟೇಬಲ್‌ನಲ್ಲಿದೆಯೇ ಎಂಬ ಪರೀಕ್ಷೆ) ಸಾಮಾನ್ಯವಾಗಿ ತಾನಾಗಿ ಚಾಲೂ ಆಗುವುದಿಲ್ಲ, ಪ್ರತಿ ಕನೆಕ್ಷನ್‌ನಲ್ಲೂ ಅದನ್ನು ಚಾಲೂ ಮಾಡುವ ‘ಪ್ರಾಗ್ಮಾ’ ಆದೇಶ ಕೊಡಬೇಕು. ಹೊಸ ಬರಹ ಮೊದಲು ಪ್ರತ್ಯೇಕ ಕಡತಕ್ಕೆ ಹೋಗುವ ವಾಲ್ ಮೋಡ್‌ನಲ್ಲಿದ್ದಾಗ ಮುಖ್ಯ ಕಡತವೊಂದನ್ನೇ ನಕಲು ಮಾಡಿದರೆ ಇತ್ತೀಚಿನ ದಾಖಲೆಗಳು ತಪ್ಪಿಹೋಗಬಹುದು. ಬ್ಯಾಕಪ್‌ಗೆ ಪೂರ್ಣ ನಕಲು ಮಾಡುವ ‘ವ್ಯಾಕ್ಯೂಮ್ ಇಂಟೂ’ ಆದೇಶ ಬಳಸಿ.

ನೆಟ್‌ವರ್ಕ್ ಕೈಕೊಟ್ಟಾಗ ಬಳಕೆದಾರರು ‘ಉಳಿಸು’ ಗುಂಡಿಯನ್ನು ಎರಡು ಸಲ ಒತ್ತುವುದು ಸಹಜ. ಪ್ರತಿ ದಾಖಲೆಗೆ ಬ್ರೌಸರ್‌ನಲ್ಲೇ ಯುಯುಐಡಿ (ಮತ್ತೆ ಬಾರದಂಥ ಗುರುತಿನ ಸಂಖ್ಯೆ) ಕೊಟ್ಟು, ಮರುಯತ್ನದಲ್ಲೂ ಅದನ್ನೇ ಕಳುಹಿಸಿ, ಟೇಬಲ್‌ನಲ್ಲಿ ಅದನ್ನು ಪ್ರೈಮರಿ ಕೀ (ಎರಡನೇ ಸಲ ಬರಲಾಗದ ಗುರುತು) ಮಾಡಿದರೆ ಒಂದೇ ಕೆಲಸ ಎರಡು ಬಾರಿ ದಾಖಲಾಗುವುದಿಲ್ಲ.

ಯಾವ ಫ್ರೇಮ್‌ವರ್ಕ್ (ಆ್ಯಪ್ ಕಟ್ಟಲು ಬಳಸುವ ಸಿದ್ಧ ಚೌಕಟ್ಟು) ಎಂಬ ಚರ್ಚೆಗೆ ಇಷ್ಟು ಚಿಕ್ಕ ಆ್ಯಪ್‌ನಲ್ಲಿ ಹೆಚ್ಚಿನ ಬೆಲೆಯಿಲ್ಲ. ಕಲಿಯುವವರಿಗಾಗಿ ನೀವು ಸರಣಿ ಪ್ರಕಟಿಸುವುದಾದರೆ ಟೇಬಲ್‌ಗಳ ವಿನ್ಯಾಸ ಮೊದಲ ಕಂತಿನಲ್ಲೇ ಬರಲಿ, ಪರದೆಯ ಅಲಂಕಾರ ಮೂರನೆಯದಕ್ಕೆ ಕಾಯಲಿ.

ಇತಿ,
ಒಬ್ಬ ವೆಬ್ ಡೆವಲಪರ್