ಕಿಟಕಿಯ ನಕ್ಷತ್ರ

ಮಾರಾಯ,

ಹೇಗಿದ್ದೀ? ಇಲ್ಲಿ ಜರ್ಮನಿಯ ಡ್ರೆಸ್ಡನ್‌ನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ಬೆಳಿಗ್ಗೆ ಆಫೀಸಿಗೆ ಹೊರಡುವಾಗಲೂ ಕತ್ತಲು. ನವೆಂಬರ್ ಪೂರ್ತಿ ಮುಖ ಗಂಟು ಹಾಕಿಕೊಂಡೇ ಓಡಾಡಿದೆ.

ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರ ಇದೆಯಲ್ಲ, ನಿಮ್ಮ ಇಗರ್ಜಿಯವರು ಆಗಮನ ಕಾಲ ಅನ್ನುತ್ತಾರಲ್ಲ, ಅದು ಶುರುವಾದ ಸಂಜೆ ನಮ್ಮ ಬೀದಿಯ ಕಳೆಯೇ ಬದಲಾಯಿತು. ಮನೆ ಮನೆಯ ಕಿಟಕಿಯಲ್ಲೂ ಮರದ ಕಮಾನು, ಅದರ ಮೇಲೆ ಸಾಲಾಗಿ ಪುಟ್ಟ ಪುಟ್ಟ ದೀಪ. ಶ್ವಿಬ್‌ಬೋಗನ್ ಅಂತ ಹೆಸರು. ನಾಲಗೆ ತಿರುಗಲು ನನಗೆ ಎರಡು ವರ್ಷ ಬೇಕಾಯಿತು! ಇದು ಎರ್ಟ್ಸ್‌ಗೆಬಿರ್ಗೆ ಬೆಟ್ಟದ ಕಡೆಯದು. ಹಿಂದೆ ಅಲ್ಲಿ ಬೆಳ್ಳಿ ಗಣಿಗಳಿದ್ದವು. ಚಳಿಗಾಲದಲ್ಲಿ ಗಣಿಯವರು ಬೆಳಕು ಹರಿಯುವ ಮೊದಲೇ ಒಳಗಿಳಿದು, ಕತ್ತಲಾದ ಮೇಲೆ ಹೊರಗೆ ಬರುತ್ತಿದ್ದರು. ಥೇಟ್ ನನ್ನ ಹಾಗೆಯೇ, ಏನು? ಕಿಟಕಿಯ ದೀಪ ನೋಡಿಕೊಂಡು ಮನೆ ಸೇರುತ್ತಿದ್ದರಂತೆ. ಹಳೆಯ ಕಮಾನುಗಳು ಕಬ್ಬಿಣದವು. ಅದರಲ್ಲೊಂದರ ಮೇಲೆ 1740 ಅಂತ ಇಸವಿ ಇದೆ.

ಪೇಟೆಯಲ್ಲಿ 1434ರಿಂದ ನಡೆಯುತ್ತಿರುವ ಕ್ರಿಸ್ಮಸ್ ಸಂತೆಯೂ ಇದೆ. ವಿಪರೀತ ರಶ್ಶು, ನನಗೆ ಬೀದಿಯೇ ಸಾಕು.

ಈ ಸಲ ನಾನೂ ಒಂದು ಹೆರ್ನ್‌ಹುಟ್ ನಕ್ಷತ್ರ ತಂದೆ. ಕಾಗದದ್ದು. ಹೆರ್ನ್‌ಹುಟ್ ಇಲ್ಲೇ ಪೂರ್ವಕ್ಕಿರುವ ಸಣ್ಣ ಊರು, ಮೊರಾವಿಯನ್ ಅನ್ನುವ ಕ್ರೈಸ್ತ ಪಂಥದವರದು. ಇನ್ನೂರು ವರ್ಷದ ಹಿಂದೆ ಆ ಪಂಥದವರ ಶಾಲೆಯಲ್ಲಿ ಮಕ್ಕಳಿಗೆ ರೇಖಾಗಣಿತ ಕಲಿಸಲು ಮಾಡಿದ್ದಂತೆ ಇದು. ಡಬ್ಬಿ ಬಿಚ್ಚಿದರೆ ಇಪ್ಪತ್ತೈದು ಕೋಡು. ಹದಿನೇಳರ ಬುಡ ಚೌಕ, ಎಂಟರದ್ದು ತ್ರಿಕೋನ. ಒಂದಕ್ಕೊಂದು ಹಿತ್ತಾಳೆ ಪಿನ್ನಿನಲ್ಲಿ ಜೋಡಿಸಬೇಕು. ಅರ್ಧ ಮುಗಿದ ಮೇಲೆ ನೋಡಿದರೆ ಚೌಕ ಇರಬೇಕಾದಲ್ಲಿ ತ್ರಿಕೋನ ಕೂತಿದೆ. ಪೂರ್ತಿ ಬಿಚ್ಚಿದೆ. ಆಗ ನೀನು ತುಂಬ ನೆನಪಾದೆ ಮಾರಾಯ. ದೀಪಾವಳಿಗೆ ನಮ್ಮ ಮನೆಯ ಗೂಡುದೀಪ, ಡಿಸೆಂಬರಿನಲ್ಲಿ ನಿಮ್ಮ ಮನೆಯ ನಕ್ಷತ್ರ. ಬಿದಿರು ಸೀಳುವವನು ನೀನು, ಮೈದಾದ ಅಂಟು ಕಾಯಿಸುವವನು ನಾನು. ಅಂಟು ಒಣಗುವ ಮೊದಲೇ ಬಲ್ಬು ಹಾಕಿ ನೋಡುವ ನಮ್ಮ ಅವಸರ!

ರಾತ್ರಿ ಹನ್ನೊಂದಕ್ಕೆ ನಕ್ಷತ್ರ ಮುಗಿಯಿತು. ಊಟದ ಮೇಜಿನ ಮೇಲೆ ನೇತುಹಾಕಿ, ಸುಮ್ನೆ ಅದರ ಕೆಳಗೆ ಕೂತೆ. ಮೋರೆಯೆಲ್ಲ ಹಳದಿ. ಖುಷಿಯಾಯಿತು.

ಮರುದಿನ ಮೆಟ್ಟಿಲಲ್ಲಿ ಕೆಳಮನೆಯ ಅಜ್ಜಿ ಸಿಕ್ಕಿದರು. ಹೆಮ್ಮೆಯಿಂದ ಹೇಳಿದೆ. 'ಎಲ್ಲಿ, ನನಗೆ ಕಾಣಲೇ ಇಲ್ಲವಲ್ಲ' ಅಂದರು. ಒಳಗಿದೆ ಅಂದೆ. ಅವರಿಗೆ ಅರ್ಥವೇ ಆಗಲಿಲ್ಲ. ದೀಪ ಒಳಗಿಟ್ಟುಕೊಂಡು ಏನು ಮಾಡುತ್ತೀಯ ಅನ್ನುವ ಹಾಗೆ ನೋಡಿದರು. ನಮ್ಮಮ್ಮನೂ ಹಾಗೇ ಅಲ್ವಾ, ಗೂಡುದೀಪ ಗೇಟಿನಿಂದ ಕಾಣಬೇಕು ಅಂತ ಹಟ ಹಿಡಿದು ಮೂರು ಸಲ ಜಾಗ ಬದಲಿಸುತ್ತಿದ್ದದ್ದು.

ನಕ್ಷತ್ರವನ್ನು ಕಿಟಕಿಗೆ ಕಟ್ಟಿದೆ. ಅವಸರದಲ್ಲಿ ಒಂದು ಕೋಡು ಸೊಟ್ಟಗಾಯಿತು. ಈಗ ಟ್ರ್ಯಾಮ್ ಇಳಿದ ಕೂಡಲೇ ತಲೆಯೆತ್ತಿ ಹುಡುಕುತ್ತೇನೆ. ಮೂರನೇ ಮಹಡಿ, ಬಲಗಡೆಯಿಂದ ಎರಡನೆಯದು, ಸೊಟ್ಟ ಕೋಡಿನದು.

ನಿಮ್ಮ ಅಟ್ಟದ ಮೇಲೆ ಆ ಬಿದಿರಿನ ಚೌಕಟ್ಟು ಇನ್ನೂ ಇದೆಯಾ? ಇದ್ದರೆ ಫೋಟೋ ಕಳಿಸು.

ನಿನ್ನ,
ಅಂಟು ಕಾಯಿಸುವವನು