ಶನಿವಾರದ ಚರ್ಚೆ: ವಿಜ್ಞಾನ ತರಗತಿಯಲ್ಲಿ ಸೃಷ್ಟಿವಾದ

ಎಲ್ಲ ಸದಸ್ಯರಿಗೆ ನಮಸ್ಕಾರ.

ಬರುವ ಶನಿವಾರ ಸಂಜೆ 6 ಗಂಟೆಗೆ ನಮ್ಮ ಗುಂಪಿನ ಮಾಸಿಕ ಚರ್ಚೆ ಆನ್‌ಲೈನ್‌ನಲ್ಲಿ ನಡೆಯಲಿದ್ದು, ಅಮೆರಿಕದ ಶಾಲೆಗಳ ವಿಜ್ಞಾನ ತರಗತಿಯಲ್ಲಿ ಸೃಷ್ಟಿವಾದವನ್ನು, ಅಂದರೆ ಜೀವಿಗಳನ್ನು ದೇವರೇ ಸೃಷ್ಟಿಸಿದನೆಂಬ ವಾದವನ್ನು, ಬೋಧಿಸಬೇಕೇ ಎಂಬ ವಿವಾದವನ್ನು ಈ ಬಾರಿ ಎತ್ತಿಕೊಳ್ಳಲಾಗಿದೆ. ಲಿಂಕನ್ನು ಶುಕ್ರವಾರ ಇಲ್ಲಿಯೇ ಹಾಕುತ್ತೇನೆ.

ಮಾತನಾಡುವವರು ಎರಡು ತೀರ್ಪುಗಳನ್ನು ಓದಿಕೊಂಡು ಬರಬೇಕೆಂದು ಕೋರುತ್ತೇನೆ. ವಿಕಾಸವಾದವನ್ನು ಕಲಿಸುವುದಾದರೆ ಸೃಷ್ಟಿವಾದವನ್ನೂ ಕಲಿಸಲೇಬೇಕೆಂದಿದ್ದ ಲೂಸಿಯಾನಾ ರಾಜ್ಯದ ಕಾಯ್ದೆಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 1987ರಲ್ಲಿ ರದ್ದುಪಡಿಸಿತು. ಎರಡನೆಯದು 2005ರ ಡೋವರ್ ತೀರ್ಪು. ನನ್ನ ದೃಷ್ಟಿಯಲ್ಲಿ ಇದೇ ಹೆಚ್ಚು ಮುಖ್ಯವಾದದ್ದು. ಡಾರ್ವಿನ್ನನ ಸಿದ್ಧಾಂತದಲ್ಲಿ ಲೋಪಗಳಿವೆ, ‘ಬುದ್ಧಿವಂತ ವಿನ್ಯಾಸ’ವೆಂಬ (ಬುದ್ಧಿಯುಳ್ಳ ಕರ್ತೃವೊಬ್ಬ ಜೀವಿಗಳನ್ನು ರೂಪಿಸಿದನೆಂಬ) ಇನ್ನೊಂದು ವಿವರಣೆಯೂ ಇದೆ ಎಂಬ ಹೇಳಿಕೆಯನ್ನು ಒಂಬತ್ತನೇ ತರಗತಿಯ ಮಕ್ಕಳಿಗೆ ಓದಿ ಹೇಳಬೇಕೆಂದು ಪೆನ್ಸಿಲ್ವೇನಿಯಾದ ಡೋವರ್ ಶಾಲಾ ಮಂಡಳಿ ನಿರ್ಧರಿಸಿದಾಗ, ವಿಜ್ಞಾನ ಶಿಕ್ಷಕರು ಒಪ್ಪಲಿಲ್ಲ, ಕೊನೆಗೆ ಆಡಳಿತಾಧಿಕಾರಿಗಳೇ ತರಗತಿಗೆ ಬಂದು ಅದನ್ನು ಓದಿದರು. ಆ ಹೇಳಿಕೆ ಸೂಚಿಸಿದ್ದ ಪುಸ್ತಕದ ಹಳೆಯ ಕರಡುಗಳಲ್ಲಿ ‘ಸೃಷ್ಟಿ’ ಎಂದಿದ್ದುದನ್ನು 1987ರ ತೀರ್ಪಿನ ನಂತರ ‘ವಿನ್ಯಾಸ’ ಎಂದು ತಿದ್ದಿದ್ದು ವಿಚಾರಣೆಯಲ್ಲಿ ಬಯಲಾಯಿತು. ‘ಬುದ್ಧಿವಂತ ವಿನ್ಯಾಸ’ ವಿಜ್ಞಾನವಲ್ಲ ಎಂದು ನ್ಯಾಯಾಧೀಶ ಜಾನ್ ಜೋನ್ಸ್ ಸ್ಪಷ್ಟವಾಗಿ ಬರೆದರು.

ದೈವಭಕ್ತರಾದ ಸದಸ್ಯರೂ ನಮ್ಮಲ್ಲಿದ್ದಾರೆ, ಅವರ ಮಾತೂ ನಮಗೆ ಬೇಕು. ಆದ್ದರಿಂದ ಯಾರ ನಂಬಿಕೆಯನ್ನೂ ಹೀಗಳೆಯದೆ, ಪರೀಕ್ಷೆಗೆ ಒಡ್ಡಲಾಗದ ವಿವರಣೆಗೆ ವಿಜ್ಞಾನದ ಪಾಠದಲ್ಲಿ ಸ್ಥಳವಿದೆಯೇ ಎಂಬ ಪ್ರಶ್ನೆಗಷ್ಟೇ ದಯವಿಟ್ಟು ಮಾತನ್ನು ಸೀಮಿತಗೊಳಿಸಿ. ಶಾಲೆಯಲ್ಲಿ ಪಾಠ ಮಾಡುವವರು ತಪ್ಪದೆ ಬನ್ನಿ.

ಮಾತನಾಡಲು ಬಯಸುವವರು ಗುರುವಾರದೊಳಗೆ ಇಲ್ಲಿ ಹೆಸರು ತಿಳಿಸಿ. ಒಬ್ಬೊಬ್ಬರಿಗೆ 5 ನಿಮಿಷ ಸಿಗಲಿದೆ.