ನಿಮ್ಮಪ್ಪನನ್ನೂ ಒಂದು ಮಾತು ಕೇಳು

ತಿಪಟೂರು

ಚಿ. ಸೌ. ಸುಮಾಳಿಗೆ ನಿನ್ನ ಸೋದರತ್ತೆ ಮಾಡುವ ಆಶೀರ್ವಾದಗಳು.

ನಾವು ಇಲ್ಲಿ ಕ್ಷೇಮ. ಮೊನ್ನೆ ನೀನು ಫೋನಿನಲ್ಲಿ ಅತ್ತದ್ದು ಮನಸ್ಸಿನಿಂದ ಹೋಗಿಲ್ಲ. "ಇಷ್ಟೆಲ್ಲ ಮಾಡಿದರೂ ಅಪ್ಪನ ಮುಖದಲ್ಲಿ ಒಂದು ನಗು ಇಲ್ಲ ಅತ್ತೆ" ಅಂದೆ. ಫೋನಿನಲ್ಲೇ ಹೇಳೋಣವೆಂದರೆ ನಡುವೆ ನಿನಗೆ ಆಫೀಸಿನ ಕರೆ ಬರುತ್ತದೆ, ನನಗೆ ಹೇಳಬೇಕೆಂದುಕೊಂಡದ್ದು ಅರ್ಧಕ್ಕೇ ನಿಂತುಹೋಗುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಬಿಡುವಾದಾಗ ನಿಧಾನವಾಗಿ ಓದು.

ನಿನ್ನ ಆರೈಕೆಯಲ್ಲಿ ಒಂದು ಎಳ್ಳಷ್ಟೂ ಕೊರತೆಯಿಲ್ಲ, ಇದನ್ನು ಮೊದಲು ಮನಸ್ಸಿಗೆ ತಂದುಕೋ. ಸೊಂಟದ ಮೂಳೆ ಮುರಿದು ಆಪರೇಷನ್ ಆದ ಎಪ್ಪತ್ತಾರರ ಮನುಷ್ಯ ಇಷ್ಟು ಬೇಗ ವಾಕರ್ ಹಿಡಿದು ನಡುಮನೆಯ ತನಕ ಬರುತ್ತಿದ್ದಾನೆಂದರೆ ಅದು ನಿನ್ನಿಂದ. ಆದರೆ ನನ್ನ ತಮ್ಮನಿಗೆ ಆ ಮನೆಯಲ್ಲಿ ಒಂದು ಮಾತ್ರ ಸಿಗುತ್ತಿಲ್ಲ. ಅವನನ್ನು ಯಾರೂ ಏನನ್ನೂ ಕೇಳುವುದಿಲ್ಲ.

ನಾನು ಬಂದಿದ್ದಾಗ ಕಣ್ಣಾರೆ ನೋಡಿದೆ. ಬೆಳಿಗ್ಗೆ ಕಾಫಿ ಮುಚ್ಚಳವಿರುವ ಪ್ಲಾಸ್ಟಿಕ್ ಮಗ್‌ನಲ್ಲಿ ಬಂತು. ಕೈ ನಡುಗುತ್ತದೆ, ಮೈಮೇಲೆ ಬಿಸಿ ಚೆಲ್ಲಿಕೊಳ್ಳಬಾರದು ಅಂತ ನೀನು ಹುಡುಕಿ ತರಿಸಿದ್ದು. ಅವನು ಎರಡು ಗುಟುಕು ಕುಡಿದು ಪಕ್ಕಕ್ಕಿಟ್ಟ. ನೀನು ಸ್ನಾನಕ್ಕೆ ಹೋದಾಗ ನಾನು "ಯಾವುದರಲ್ಲಿ ಕೊಡಲೋ?" ಅಂತ ಕೇಳಿದೆ. ಸ್ಟೀಲ್ ಲೋಟ ಅಂದ. ಅರ್ಧ ಲೋಟ ಬಗ್ಗಿಸಿ ಕೊಟ್ಟೆ. ಎರಡೂ ಅಂಗೈಯಲ್ಲಿ ಹಿಡಿದು, ಬೆರಳಿಗೆ ಬಿಸಿ ತಾಗಿಸಿಕೊಂಡು, ಊದಿ ಊದಿ ಪೂರ್ತಿ ಕುಡಿದ. ಪಂಚೆ ಮೇಲೆ ನಾಲ್ಕು ಹನಿ ಬಿತ್ತು. ಬೀಳಲಿ ಬಿಡು, ಒಗೆದರೆ ಹೋಗುತ್ತದೆ. ಆಮೇಲೆ ಫಿಸಿಯೋಥೆರಪಿಯ ಹುಡುಗ ಬಂದು "ರಾತ್ರಿ ನಿದ್ದೆ ಬಂತಾ ಅಂಕಲ್?" ಅಂತ ಕೇಳಿದ. ಉತ್ತರ ನೀನು ಕೊಟ್ಟೆ. ನೋವು ಹೇಗಿದೆ ಅಂದ, ಅದಕ್ಕೂ ನೀನೇ. ನಿಮ್ಮಪ್ಪ ನಿನ್ನ ಮುಖ ನೋಡಿದ, ಆ ಹುಡುಗನ ಮುಖ ನೋಡಿದ, ಆಮೇಲೆ ಕಿಟಕಿ ಕಡೆ ತಿರುಗಿಕೊಂಡ.

ನನಗೂ ಈಗ ಎಪ್ಪತ್ತೊಂಬತ್ತು. ಮಂಡಿನೋವು, ಕಣ್ಣಿನ ಪೊರೆ, ರಾತ್ರಿ ಎರಡು ಮೂರು ಸಲ ಏಳುವುದು, ಇವೆಲ್ಲ ಒಗ್ಗಿಹೋಗುತ್ತವೆ. ಒಗ್ಗದೇ ಇರುವುದು ಬೇರೆ. ನಾನು ಎದುರಿಗೇ ಕೂತಿರುವಾಗ "ಇವರು ಸಕ್ಕರೆ ಹಾಕಿಕೊಳ್ತಾರಾ?" ಅಂತ ಸೊಸೆಯನ್ನು ಕೇಳುತ್ತಾರಲ್ಲ, ಅದು. ಅಂಗಡಿಯಲ್ಲಿ ನೋಟು ಕೊಟ್ಟವಳು ನಾನು, ಚಿಲ್ಲರೆ ಜೊತೆಗಿದ್ದ ಮೊಮ್ಮಗನ ಕೈಗೆ ಹೋಗುತ್ತದಲ್ಲ, ಅದು. ಯಾರೂ ಕೆಟ್ಟ ಮನಸ್ಸಿನಿಂದ ಮಾಡುವುದಿಲ್ಲ. ಆದರೂ ಪ್ರತಿ ಸಲವೂ ಚುಚ್ಚುತ್ತದೆ.

ಅಪ್ಪನಿಗೆ ಮರೆವಿನ ಕಾಯಿಲೆ ಶುರುವಾಯಿತೇನೋ ಅಂತ ನಿನಗೆ ದಿಗಿಲು. ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಲೇ ಅಂತ ಕೇಳಿದೆ. ಬೇಕಾದರೆ ಹೋಗೋಣ, ಆದರೆ ಅದಕ್ಕೆ ಮೊದಲು ಕಿವಿ ತೋರಿಸು. ಅವನಿಗೆ ಕಿವಿ ಮಂದವಾಗಿದೆ ಅಂತ ನನಗೆ ಹೇಗೆ ಗೊತ್ತಾಯಿತೆಂದರೆ, ಬೀಳುವುದಕ್ಕೆ ಮುಂಚಿನಿಂದಲೇ ಅವನು ಅಟ್ಟದ ತೆಂಗಿನಕಾಯಿ ಅಲ್ಲಾಡಿಸಿ ನೋಡುವ ಕೆಲಸವನ್ನು ಆಳುಗಳಿಗೇ ಬಿಟ್ಟಿದ್ದ. ಅಟ್ಟಕ್ಕೆ ಹಾಕಿದ ಕಾಯಿ ವರ್ಷ ತುಂಬುವ ಹೊತ್ತಿಗೆ ಒಳಗೇ ಒಣಗಿ ಚಿಪ್ಪು ಬಿಡುತ್ತದೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಅನ್ನಬೇಕು, ಆಗ ಕೊಬ್ಬರಿ ಆಯಿತು ಅಂತ ಲೆಕ್ಕ. ನಿಮ್ಮಪ್ಪ ಈ ವಿದ್ಯೆಯಲ್ಲಿ ಊರಿಗೇ ಹೆಸರಾದವನು. ಅಂಥವನು ಒಂದು ದಿನ ನನ್ನ ಮುಂದೆಯೇ ಒಂದು ಕಾಯಿ ಎತ್ತಿಕೊಂಡು ಅಲ್ಲಾಡಿಸಿದ, ಇನ್ನೊಂದು ಕಿವಿಗೆ ಬದಲಾಯಿಸಿ ಅಲ್ಲಾಡಿಸಿದ, ಏನೂ ಹೇಳದೆ ರಾಶಿಯ ಮೇಲಿಟ್ಟ. ನನಗೆ ನಿಂತಲ್ಲಿಗೇ ಆ ಸದ್ದು ಕೇಳಿಸಿತ್ತು.

ವಯಸ್ಸಾದ ಮೇಲೆ ಕಿವಿ ಒಂದೇ ಸಲ ಹೋಗುವುದಿಲ್ಲ ಕಣೇ. ಸಣ್ಣ ದನಿಗಳು ಮೊದಲು ಹೋಗುತ್ತವೆ, ಅಂದರೆ ಹೆಂಗಸರದ್ದು, ಮಕ್ಕಳದ್ದು. ಟಿ.ವಿ. ಹಾಕಿದ್ದರೆ, ಮಿಕ್ಸಿ ತಿರುಗುತ್ತಿದ್ದರೆ ಎದುರಿನವರ ಮಾತು ಅರ್ಧಂಬರ್ಧ ಬೀಳುತ್ತದೆ. ಅಡ್ಡಡ್ಡ ಉತ್ತರ ಕೊಡುವುದಕ್ಕಿಂತ ಸುಮ್ಮನಿರುವುದೇ ವಾಸಿ ಅನ್ನಿಸುತ್ತದೆ. ಮನೆಯವರು ಮರೆವು ಅಂದುಕೊಳ್ಳುತ್ತಾರೆ. ಕಿವುಡನ್ನು ಹಾಗೇ ಬಿಟ್ಟರೆ ನಿಜವಾದ ಮರೆವಿನ ಕಾಯಿಲೆ ಬರುವ ಸಂಭವವೂ ಹೆಚ್ಚು ಅಂತ ವೈದ್ಯರೇ ಹೇಳುತ್ತಾರೆ. ಬೆಂಗಳೂರಿನಲ್ಲಿ ಎಲ್ಲಾದರೂ ತೋರಿಸು, ಇಲ್ಲವೇ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಹೋಗೋಣ, ನಾನೂ ಬರುತ್ತೇನೆ. ಕೆಲವರಿಗೆ ಬರೀ ಕಿವಿಯ ಗುಗ್ಗೆ ತೆಗೆಸಿದರೇ ಎಷ್ಟೋ ವಾಸಿಯಾಗುತ್ತದೆ. ಅಲ್ಲಿಯತನಕ ಅವನ ಎದುರು ಕೂತು, ಮುಖ ಕಾಣುವಂತೆ, ಕೂಗದೆ ನಿಧಾನವಾಗಿ ಮಾತಾಡು. ಬೆನ್ನ ಹಿಂದಿನಿಂದ ಬೇಡ.

ಇನ್ನೊಂದು ಎಚ್ಚರ ಇರಲಿ. ನಿನ್ನೆ ತನಕ ಸರಿಯಿದ್ದವನು ಒಂದೆರಡು ದಿನದಲ್ಲಿ ಹಗಲು ರಾತ್ರಿ ಗೊತ್ತಾಗದೆ ಬಡಬಡಿಸಿದರೆ ಅದನ್ನು ಮುಪ್ಪು ಅಂತ ಬಿಡಬೇಡ. ಮೂತ್ರದ ಸೋಂಕಿರಬಹುದು, ಸೋಡಿಯಂ ಇಳಿದಿರಬಹುದು, ಹೊಸ ಮಾತ್ರೆ ಹಿಡಿಸದೆ ಇರಬಹುದು. ಅದೇ ದಿನ ಡಾಕ್ಟರ ಹತ್ತಿರ ಹೋಗಬೇಕು. ನಿದ್ದೆ ಮಾತ್ರೆ ನೀನಾಗಿ ಕೊಡಬೇಡ, ಅದರ ಮಂಪರಿನಲ್ಲಿ ಎದ್ದು ಬೀಳುವವರೇ ಹೆಚ್ಚು. ಬಚ್ಚಲಿಗೆ ಹಿಡಿಕೆ ಹಾಕಿಸಿದ್ದೀ, ಸಂತೋಷ. ಹಾಸಿಗೆಯಿಂದ ಬಚ್ಚಲ ತನಕ ರಾತ್ರಿ ಒಂದು ಸಣ್ಣ ದೀಪವೂ ಉರಿಯಲಿ.

ತೋಟದ ವಿಷಯ. ಎಲ್ಲವನ್ನೂ ನಿಮ್ಮಿಬ್ಬರು ಮಕ್ಕಳ ಹೆಸರಿಗೆ ಈಗಲೇ ಬರೆದುಕೊಟ್ಟುಬಿಡುತ್ತೇನೆ ಅಂತ ಅವನು ನನ್ನ ಹತ್ತಿರ ಅಂದ. ಭಾರ ಆಗಿದ್ದೇನೆ ಅನ್ನುವ ಸಂಕಟದಲ್ಲಿ ಆಡಿದ ಮಾತು ಅದು. ನೀನು ಬರೆಸಿಕೊಳ್ಳಬೇಡ. ಅವನು ವಿಲ್ ಬರೆಯಲಿ. ಇಬ್ಬರು ಸಾಕ್ಷಿಗಳ ಸಹಿ ಇರಲೇಬೇಕು, ರಿಜಿಸ್ಟರ್ ಕಡ್ಡಾಯವಲ್ಲ, ಆದರೂ ಮಾಡಿಸಿದರೆ ಒಳ್ಳೆಯದು. ದಾನಪತ್ರವೇ ಆಗಬೇಕು ಅಂತ ಹಟ ಹಿಡಿದರೆ, ಬದುಕಿರುವ ತನಕ ನೋಡಿಕೊಳ್ಳಬೇಕು ಎಂಬ ಷರತ್ತನ್ನು ಪತ್ರದೊಳಗೇ ಬರೆಸು. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಇರುವುದು ಅದಕ್ಕೇ, ಷರತ್ತು ಮುರಿದರೆ ಎ.ಸಿ.ಯವರ, ಅಂದರೆ ಉಪವಿಭಾಗಾಧಿಕಾರಿಯವರ, ಮುಂದೆ ಅರ್ಜಿ ಹಾಕಿ ಪತ್ರ ರದ್ದು ಮಾಡಿಸಬಹುದು. ನಿನ್ನ ಮೇಲೆ ಅನುಮಾನದಿಂದ ಹೇಳುತ್ತಿಲ್ಲ ಮಗಳೇ. ತೋಟ ತನ್ನ ಹೆಸರಿನಲ್ಲಿದ್ದರೆ ಅವನು ತಲೆಯೆತ್ತಿ ಮಾತಾಡುತ್ತಾನೆ. ಹರಾಜಿನ ದಿನ ಕೊಬ್ಬರಿ ರೇಟು ಎಷ್ಟಾಯಿತು ಅಂತ ಅವನನ್ನೇ ಕೇಳು, ಈ ಸಲ ಮಾರೋಣವೋ ಕಾಯೋಣವೋ ಅಂತ ಕೇಳು. ಅವನು ಹೇಳಿದಂತೆ ಮಾಡು. ಕ್ವಿಂಟಲಿಗೆ ನಾಲ್ಕು ಕಾಸು ಕಮ್ಮಿ ಬಂದರೂ ಪರವಾಗಿಲ್ಲ.

ನಿನ್ನ ತಮ್ಮ ಅಮೆರಿಕದಿಂದ ದುಡ್ಡು ಕಳಿಸುತ್ತಾನೆ, ಸಲಹೆ ಕೊಡುತ್ತಾನೆ, ಅಷ್ಟೇ ಅಂತ ನಿನಗೆ ಒಳಗೊಳಗೇ ಕುದಿ. ಕುದಿಯಬೇಡ, ಬಾಯಿಬಿಟ್ಟು ಹೇಳು. ಔಷಧಿ ತರಿಸುವುದು, ಬಿಲ್ಲು, ಇನ್ಶೂರೆನ್ಸು ಅಲ್ಲಿಂದಲೇ ನೋಡಿಕೊಳ್ಳಬಹುದು. ದಿನಾ ಅವನ ಬೆಳಿಗ್ಗೆ ಹೊತ್ತಿನಲ್ಲಿ ಅಪ್ಪನ ಜೊತೆ ಅರ್ಧ ಗಂಟೆ ಮಾತಾಡಲಿ. ವರ್ಷಕ್ಕೊಮ್ಮೆ ಬಂದಾಗ ಅಪ್ಪನನ್ನು ಅವನೇ ನೋಡಿಕೊಳ್ಳಲಿ, ಆಗ ನೀನು ಮಕ್ಕಳನ್ನು ಕರೆದುಕೊಂಡು ಎಲ್ಲಾದರೂ ಹೋಗಿ ಬಾ. ಹಗಲು ಹೊತ್ತಿಗೆ ಒಬ್ಬರು ಸಹಾಯಕರನ್ನು ಇಟ್ಟುಕೊಳ್ಳುವುದಕ್ಕೂ ಹಿಂಜರಿಯಬೇಡ. ಹೆಣ್ಣುಮಗಳು ಸವೆದು ಸವೆದು ಮಾಡಿದರೇ ಸೇವೆ ಅನ್ನುವವರ ಮಾತಿಗೆ ಕಿವಿಗೊಡಬೇಡ. ಅಂಥವರು ಯಾರೂ ರಾತ್ರಿ ಎದ್ದು ಬಂದು ಬೆಡ್‌ಪ್ಯಾನ್ ಕೊಡುವುದಿಲ್ಲ.

ನಮ್ಮ ಅತ್ತೆ ಕೊನೆಗೆ ಹಾಸಿಗೆ ಹಿಡಿದಾಗ ಅವರ ಸೇವೆ ನನ್ನ ಪಾಲಿಗೆ ಬಂತು. ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಬೇಕಿತ್ತು. ಪ್ರತಿ ಸಲವೂ "ಯಾವ ಕಡೆಗೆ ಅತ್ತೆ, ಗೋಡೆ ಕಡೆಗೋ, ಬಾಗಿಲ ಕಡೆಗೋ?" ಅಂತ ಕೇಳುತ್ತಿದ್ದೆ. ಮಾತು ನಿಂತ ಮೇಲೂ ಕಣ್ಣಲ್ಲೇ ಹೇಳುತ್ತಿದ್ದರು. ಹೆಚ್ಚಾಗಿ ಬಾಗಿಲ ಕಡೆಗೇ.

ಆದರೆ ಆಸ್ಪತ್ರೆಯಲ್ಲಿ ಎಷ್ಟು ದಿನ, ಮೂಗಿಗೆ ನಳಿಗೆ ಬೇಕೋ ಬೇಡವೋ ಅನ್ನುವುದನ್ನು ಅವರಿಗೆ ಮಾತು ಇದ್ದಾಗ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಆ ಕಾಲದಲ್ಲಿ ಅದು ಅಪಶಕುನದ ಮಾತು. ಈಗ ಹಾಗಿಲ್ಲ. ಮಾತಾಡುವ ಶಕ್ತಿ ಹೋದ ಮೇಲೆ ನನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಮುಂಚೆಯೇ ಬರೆದಿಡಬಹುದು ಅಂತ ಸುಪ್ರೀಂ ಕೋರ್ಟು 2018ರಲ್ಲಿ ಹೇಳಿತು, 2023ರಲ್ಲಿ ಅದರ ಕ್ರಮವನ್ನು ಸರಳ ಮಾಡಿತು. ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ನಮ್ಮ ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಇದಕ್ಕೆ ಆದೇಶ ಮಾಡಿದೆ. ನಿಮ್ಮಪ್ಪನ ಹತ್ತಿರ ಈ ಮಾತು ನಾನೇ ತೆಗೆಯುತ್ತೇನೆ, ಅಕ್ಕನ ಬಾಯಿಂದ ಬಂದರೆ ಅವನಿಗೆ ಭಯವಾಗುವುದಿಲ್ಲ.

ನಾನಂತೂ ನನ್ನದನ್ನು ಬರೆಸಲು ನಿರ್ಧಾರ ಮಾಡಿದ್ದೇನೆ. ನನಗೆ ಮಾತಿಲ್ಲದಾಗ ನನ್ನ ಪರವಾಗಿ ಹೇಳುವ ಹತ್ತಿರದವರ ಹೆಸರನ್ನು ಅದರಲ್ಲಿ ಬರೆಯಬೇಕಂತೆ. ಮಗನ ಹೆಸರು ಬರೆಸುತ್ತೇನೆ, ಆದರೆ ಅವನು ಮೆತ್ತನೆಯ ಮನಸ್ಸಿನವನು, ಆ ಹೊತ್ತಿಗೆ ಡಾಕ್ಟರ ಎದುರು ಗಟ್ಟಿಯಾಗಿ ನಿಲ್ಲುತ್ತಾನೋ ಇಲ್ಲವೋ. ಜೊತೆಗೆ ನಿನ್ನ ಹೆಸರನ್ನೂ ಬರೆಸಲೇ? ಆಗುವುದಿಲ್ಲ ಅಂದರೂ ನನಗೆ ಬೇಸರವಿಲ್ಲ. ನಿನ್ನ ಗಂಡನ ಹತ್ತಿರ ಮಾತಾಡಿ, ಆಲೋಚನೆ ಮಾಡಿ ತಿಳಿಸು.

ಇಂತಿ ನಿನ್ನ ಪ್ರೀತಿಯ ಅತ್ತೆ